ಆಟದ ರೈಲೂ ಬಾರದ ರೈಲೂ

ದಸರೆಯ ರಜೆ ಬಂದಿತೆಂದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಮನೆಗಳಲ್ಲಿ ಮಕ್ಕಳ ಹಟ ಸುರುವಾಗುವದು. ಬನ್ನಿ ಮುಡಿದು, ಹಿರಿಯರ ಕಾಲಿಗೆರಗಿ, ಹೋಳಿಗೆ ಉಂಡ ಮರುದಿನವೇ ‘ಹುಬ್ಬಳ್ಳಿಗೆ ಯಾವಾಗ?’ ಎಂಬ ಪ್ರಶ್ನೆ. ಹುಬ್ಬಳ್ಳಿಯಲ್ಲಿ ಬಟ್ಟೆಯಂಗಡಿಗಳಿವೆ, ಸಿನೇಮಾ ಮಂದಿರಗಳಿವೆ, ಬೇಕಾದಷ್ಟು ತಿನಿಸುಗಳಿವೆ. ಆದರೆ ಈ ನಾಲ್ಕು ಊರುಗಳ ಮಕ್ಕಳಿಗೆ ಅವೆಲ್ಲಕ್ಕೂ ಮಿಗಿಲಾದ ಇನ್ನೊಂದು ಆಕರ್ಷಣೆ ಅಲ್ಲಿದೆ. ಅದು ರೈಲು. ಕಾರಣ ಸರಳವಾದದ್ದು. ಈ ನಾಲ್ಕೂ ಊರುಗಳಲ್ಲಿ ಒಂದಕ್ಕೂ ರೈಲುನಿಲ್ದಾಣವಿಲ್ಲ. ನಿತ್ಯ ಕಾಣುವದನ್ನು ನೋಡಲು ಯಾರೂ ಬಸ್ಸು ಹತ್ತಿ ಹೋಗುವದಿಲ್ಲ. ಕಾಣದ್ದನ್ನು ನೋಡಲು ಹೋಗುವರು.

ಹೋಗುವವರಿಗೆ ಈಗ ಒಳ್ಳೆಯ ಗುರಿಯೊಂದು ದೊರೆತಿದೆ. ಹುಬ್ಬಳ್ಳಿಯ ಗದಗ ರಸ್ತೆಯ ಮಗ್ಗುಲಿಗೆ, ನಿಲ್ದಾಣದ ಎರಡನೆಯ ದ್ವಾರದ ಬಳಿ, 2020ರ ಆಗಸ್ಟ್ ತಿಂಗಳಲ್ಲಿ ರೈಲ್ವೆ ವಸ್ತುಸಂಗ್ರಹಾಲಯವು ತೆರೆಯಿತು. ಮೀಟರ್ ಗೇಜಿನ ಹಾಗೂ ಅದಕ್ಕಿಂತ ಕಿರಿದಾದ ಹಳಿಗಳ ಕಾಲದ ಬಂಡಿಗಳು ಅಲ್ಲಿ ಬಯಲಿನಲ್ಲಿ ನಿಂತಿವೆ. ಹಳೆಯ ಎರಡು ರೈಲ್ವೆ ಮನೆಗಳನ್ನು ದುರಸ್ತಿ ಮಾಡಿ ದೀಪ, ಗಡಿಯಾರ, ಉಪಕರಣಗಳನ್ನು ಜೋಡಿಸಿದ್ದಾರೆ. ಆ ಮನೆಗಳ ಹೆಸರು ‘ಮಲಪ್ರಭಾ’ ಮತ್ತು ‘ಘಟಪ್ರಭಾ’. ಮಲಪ್ರಭೆಯೆಂದರೆ ಸವದತ್ತಿ, ರಾಮದುರ್ಗಗಳ ತಾಯಿಹೊಳೆ. ರೈಲು ಈ ಹೊಳೆಯ ಊರುಗಳಿಗೆ ಬಾರದಿದ್ದರೂ ಹೊಳೆಯ ಹೆಸರು ರೈಲಿನ ಮನೆಗೆ ಬಂದಿದೆ.

ಮಕ್ಕಳು ಮಾತ್ರ ಈ ಹೆಸರುಗಳ ಮುಂದೆ ನಿಲ್ಲುವದಿಲ್ಲ. ಅವರ ಕಾಲು ಓಡುವದು ಪುಟಾಣಿ ರೈಲಿನ ಕಡೆಗೆ. ಅದಕ್ಕಿಂತಲೂ ಚಿಕ್ಕದಾಗಿ, ಕೂಡ್ರಲಾಗದೆ ಬರೀ ನೋಡಲಿಕ್ಕೆಂದೇ ಇರುವ ಮಾದರಿ ರೈಲಿನ ಕಡೆಗೆ. ಗೊಂಬೆಯಂಥ ಇಂಜಿನು ತನ್ನ ಹಿಂದೆ ಡಬ್ಬಿಗಳನ್ನು ಎಳೆಯುತ್ತ ಸುತ್ತು ಹಾಕತೊಡಗಿದಾಗ ಮಕ್ಕಳ ಉಸಿರು ನಿಲ್ಲುವದು. ಜೊತೆಗೆ ಬಂದ ತಂದೆಯೂ ಕೈಗಡಿಯಾರ ನೋಡುವದನ್ನು ಮರೆಯುವನು.

ಇಂಥ ಮಾದರಿಗಳ ಗುಟ್ಟು ದೊಡ್ಡದೇನಲ್ಲ. ಪಾಶ್ಚಾತ್ಯ ದೇಶಗಳಲ್ಲಿ ಬಹಳ ಬಳಕೆಯಲ್ಲಿರುವ ಅಳತೆಯೆಂದರೆ 87ರಲ್ಲಿ 1. ನಿಜದ ವಸ್ತುವಿನ 87 ಮೊಳ ಮಾದರಿಯಲ್ಲಿ 1 ಮೊಳವಾಗುವದು. ಸುಮಾರು 20 ಮೀಟರ್ ಉದ್ದದ ಇಂಜಿನು ಒಂದು ಗೇಣಿಗೆ ಇಳಿಯುವದು. ಹುಬ್ಬಳ್ಳಿ ನಿಲ್ದಾಣದಲ್ಲಿ 2023ರಲ್ಲಿ ಉದ್ಘಾಟನೆಗೊಂಡ, ಜಗತ್ತಿನಲ್ಲಿಯೇ ಅತಿ ಉದ್ದವೆಂದು ಹೆಸರಾದ 1,507 ಮೀಟರಿನ ಪ್ಲಾಟ್‌ಫಾರ್ಮನ್ನು ಈ ಅಳತೆಯಲ್ಲಿ ಮಾಡಿದರೆ, ಆಗಲೂ 17 ಮೀಟರಿಗೆ ಕಡಿಮೆಯಾಗದು; ನಡುಮನೆಯಲ್ಲಿ ಹಿಡಿಸದು! ಹಳಿಗಳೆರಡೂ ವಿದ್ಯುತ್ತಿನ ತಂತಿಗಳಂತೆ ಕೆಲಸ ಮಾಡುವವು. ದೊಡ್ಡ ರೈಲಿಗೆ ಮೇಲಿನ ತಂತಿಯಲ್ಲಿ 25,000 ವೋಲ್ಟ್ ಹರಿದರೆ, ಮಾದರಿಯ ಹಳಿಯಲ್ಲಿ ಸಾಮಾನ್ಯವಾಗಿ 12 ವೋಲ್ಟ್ ಮಾತ್ರ. ಗಾಲಿಗಳು ಅದನ್ನು ಹೀರಿ ಒಳಗಿನ ಮೋಟಾರಿಗೆ ಮುಟ್ಟಿಸುವವು. ಗುಂಡಿ ತಿರುಗಿಸಿ ವೋಲ್ಟ್ ಹೆಚ್ಚಿಸಿದರೆ ವೇಗ. ವಿದ್ಯುತ್ತಿನ ದಿಕ್ಕು ಬದಲಿಸಿದರೆ ಹಿಮ್ಮುಖ ಪಯಣ. ಹಳಿಯ ಮೇಲೆ ಧೂಳು ಕುಳಿತರೆ ಮಾತ್ರ ಮೇಲ್‌ಗಾಡಿಯೂ ನಡುದಾರಿಯಲ್ಲಿ ಮುನಿಸಿಕೊಂಡು ನಿಲ್ಲುವದು.

ಹಬ್ಬಕ್ಕೂ ಮಾದರಿ ರೈಲಿಗೂ ನಂಟು ಹಳೆಯದು. ಜರ್ಮನಿಯ ಮೆರ್ಕ್ಲಿನ್ ಕಂಪನಿಯು 1891ರಲ್ಲಿ ಹಳಿಸಮೇತವಾದ ಆಟದ ರೈಲುಗಳನ್ನು ಮಾರಾಟಕ್ಕೆ ತಂದ ಮೇಲೆ, ಕ್ರಿಸ್‌ಮಸ್ ಮರದ ಬುಡದಲ್ಲಿ ರೈಲು ಓಡಿಸುವದು ಅಲ್ಲಿನ ಮನೆಗಳ ರೂಢಿಯಾಯಿತು. ನ್ಯೂಯಾರ್ಕಿನ ಸಸ್ಯೋದ್ಯಾನದಲ್ಲಿ 1992ರಿಂದ ಚಳಿಗಾಲದ ರಜೆಗೆ ರೈಲು ಪ್ರದರ್ಶನ ನಡೆಯುತ್ತ ಬಂದಿದೆ. ಆ ನಗರದ ಪ್ರಸಿದ್ಧ ಕಟ್ಟಡಗಳನ್ನೆಲ್ಲ ತೊಗಟೆ, ಕಡ್ಡಿ, ಬೀಜ, ಎಲೆಗಳಿಂದ ಕಟ್ಟಿ ಅವುಗಳ ನಡುವೆ ರೈಲು ಹಾಯಿಸುವರು. ನಮ್ಮಲ್ಲಿಯೂ ಮೈಸೂರು ಸೀಮೆಯ ಎಷ್ಟೋ ಮನೆಗಳಲ್ಲಿ ನವರಾತ್ರಿಯ ಗೊಂಬೆಗಳ ಸಾಲಿನೊಳಗೆ ಆಟದ ರೈಲೊಂದು ನುಸುಳಿರುವದುಂಟು. ಆದರೆ ಅಲ್ಲಿ ನೋಡುವ ಮಕ್ಕಳು ತಾವು ಕಂಡ ರೈಲಿನ ಪ್ರತಿರೂಪವನ್ನು ನೋಡುವರು. ಕಿತ್ತೂರಿನ ಮಗು ತನ್ನೂರಿನಲ್ಲಿ ಎಂದೂ ಕಾಣದ್ದನ್ನು ನೋಡುವದು. ಆದುದರಿಂದ ಅದರ ಪ್ರಶ್ನೆಯೇ ಬೇರೆ.

ಒಂದು ದಸರೆಯ ರಜೆಯಲ್ಲಿ ಕಿತ್ತೂರಿನಿಂದ ಅಜ್ಜನ ಜೊತೆಗೆ ಬಂದ ಹುಡುಗನೊಬ್ಬ ಮಾದರಿ ರೈಲು ಹತ್ತು ಸುತ್ತು ತಿರುಗುವವರೆಗೂ ಮಿಸುಕದೆ ನಿಂತು, ಕೊನೆಗೆ ಕೇಳಿದ:

“ಅಜ್ಜಾ, ರಾಣಿ ಚನ್ನಮ್ಮ ಗಾಡಿ ನಮ್ಮೂರಿಗೆ ಯಾಕ ಬರೂದಿಲ್ಲ?”

ಅಜ್ಜನ ಬಳಿ ಕೂಡಲೇ ಉತ್ತರವಿರಲಿಲ್ಲ. ಬೆಂಗಳೂರಿನಿಂದ ಹೊರಟು ಹುಬ್ಬಳ್ಳಿ, ಧಾರವಾಡ, ಲೋಂಡಾ, ಬೆಳಗಾವಿಗಳ ಮೇಲೆ ಮೀರಜದ ಕಡೆಗೆ ಹೋಗುವ ಗಾಡಿಗೆ ರಾಣಿ ಚನ್ನಮ್ಮನ ಹೆಸರು. 1824ರ ಅಕ್ಟೋಬರ್ 23ರಂದು ಇಂಗ್ಲಿಷರ ಅಧಿಕಾರಿ ಥ್ಯಾಕರೆ ಮಡಿದದ್ದು ಕಿತ್ತೂರಿನ ಕೋಟೆಯ ಮುಂದೆ. ರಾಣಿಯು ಸೆರೆಯಲ್ಲಿ 1829ರಲ್ಲಿ ಕಣ್ಣು ಮುಚ್ಚಿದ್ದು ಬೈಲಹೊಂಗಲದಲ್ಲಿ. ಅವಳ ಸಮಾಧಿಯಿರುವದೂ ಅಲ್ಲಿಯೇ. ಅವಳು ಆಳಿದ ಊರನ್ನೂ ಅವಳು ಮಲಗಿದ ಊರನ್ನೂ ಅವಳ ಹೆಸರಿನ ಗಾಡಿ ಮುಟ್ಟುವದಿಲ್ಲ.

ಉತ್ತರವು ಆ ಮಾದರಿಯಲ್ಲಿಯೇ ಅಡಗಿತ್ತು. ಹಳಿಯ ಒಂದು ತುದಿಗೆ ದಪ್ಪ ಪುಸ್ತಕವಿಟ್ಟು ಎತ್ತರಿಸಿದರೆ ಇಂಜಿನು ತಡವರಿಸುವದು, ಗಾಲಿ ಜಾರುವದು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಸಲೀಸಾಗಿ ಉರುಳುವದರಿಂದಲೇ ರೈಲು ಅಷ್ಟು ಭಾರವನ್ನು ಎಳೆಯಬಲ್ಲದು. ಅದೇ ಕಾರಣದಿಂದ ಏರನ್ನು ಹತ್ತಲಾರದು. ಕ್ಯಾಸಲ್‌ರಾಕಿನಿಂದ ಗೋವೆಯ ಕುಳೆಗೆ ಇಳಿಯುವ ಘಟ್ಟದಲ್ಲಿ 37 ಅಡಿಗೆ 1 ಅಡಿಯಷ್ಟು ಏರು. ಅಷ್ಟಕ್ಕೇ ಭಾರದ ಗಾಡಿಗಳಿಗೆ ಹೆಚ್ಚಿನ ಇಂಜಿನುಗಳ ನೆರವು ಬೇಕು. ಹೀಗೆ ರೈಲು ತಾನು ಬಯಸಿದಲ್ಲಿಗೆ ಹೋಗುವದಿಲ್ಲ. ನೆಲ ಒಪ್ಪಿದಲ್ಲಿಗೆ, ಹಣ ಹೂಡಿದವನು ಬಯಸಿದಲ್ಲಿಗೆ ಹೋಗುವದು.

1876ರಿಂದ 1878ರವರೆಗಿನ ದೊಡ್ಡ ಬರದ ತರುವಾಯ, 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಬರದ ಸೀಮೆಗೆ ಧಾನ್ಯ ಮುಟ್ಟಬೇಕು, ಇಲ್ಲಿಯ ಹತ್ತಿ ಕಡಲಿಗೆ ಮುಟ್ಟಬೇಕು. ಹುಬ್ಬಳ್ಳಿ, ಧಾರವಾಡಗಳಿಂದ ಹಳಿಯು ಲೋಂಡಾದ ಮೇಲೆ ಮಾರ್ಮಗೋವಾ ಬಂದರದತ್ತ ತಿರುಗಿತು. ಬೆಳಗಾವಿ, ಮೀರಜಗಳ ಕವಲು ಲೋಂಡಾದಲ್ಲಿ ಕೂಡಿತು. ಅಂದಿನಿಂದ ಧಾರವಾಡದವನು ಬೆಳಗಾವಿಗೆ ರೈಲಿನಲ್ಲಿ ಹೋಗಬೇಕಾದರೆ ಅಡವಿಯನ್ನು ಬಳಸಿ ಸುಮಾರು 120 ಕಿಲೋಮೀಟರ್ ಸುತ್ತಬೇಕು. ನಡುವಿನ ಕಿತ್ತೂರು ಹೆದ್ದಾರಿಯ ಊರಾಗಿ ಉಳಿಯಿತು. ಹತ್ತಿಯ ಪೇಟೆಯೆಂದು ಹೆಸರಾದ ಬೈಲಹೊಂಗಲವೂ ಹಳಿಯಿಂದ ದೂರವೇ ಉಳಿಯಿತು.

ಈ ಸುತ್ತು ತಪ್ಪಿಸುವ ಯೋಜನೆ ಕಾಗದದ ಮೇಲೆ ಸಿದ್ಧವಾಗಿದೆ. ಧಾರವಾಡದಿಂದ ಕಿತ್ತೂರಿನ ಮೇಲೆ ಬೆಳಗಾವಿಗೆ 73 ಕಿಲೋಮೀಟರಿನ ನೇರ ದಾರಿ. ಅಂದಾಜು ವೆಚ್ಚ 927 ಕೋಟಿ ರೂಪಾಯಿ. ಬೆಳಗಾವಿಯ ಸಂಸದರೂ ರೈಲ್ವೆ ರಾಜ್ಯ ಸಚಿವರೂ ಆಗಿದ್ದ ಸುರೇಶ ಅಂಗಡಿಯವರ ಕಾಲದಲ್ಲಿ, 2020ರಲ್ಲಿ ಇದು ಮುಂಗಡಪತ್ರದೊಳಗೆ ಬಂದಿತು. ಅದೇ ವರುಷದ ಸೆಪ್ಟೆಂಬರ್ 23ರಂದು ಅವರು ಕೊರೋನಾಕ್ಕೆ ತುತ್ತಾದರು. ಆಮೇಲಿನ ವರುಷಗಳು ಭೂಸ್ವಾಧೀನದ ಮಾತಿನಲ್ಲಿಯೇ ಕಳೆದವು. ಲೋಕಾಪುರದಿಂದ ರಾಮದುರ್ಗ, ಸವದತ್ತಿಗಳ ಮೇಲೆ ಧಾರವಾಡಕ್ಕೆ ಹಳಿ ಬೇಕೆಂಬ ಬೇಡಿಕೆಯೂ ಹಳೆಯದು. ಎಲ್ಲಮ್ಮನ ಗುಡ್ಡಕ್ಕೆ ಹುಣ್ಣಿಮೆ ಹುಣ್ಣಿಮೆಗೂ ಹರಿದುಬರುವ ಜನಸಾಗರವನ್ನು ಕಂಡವರಿಗೆ ಆ ಬೇಡಿಕೆಯ ತೂಕ ತಿಳಿಯದೆ ಇರದು.

ತಡವೇಕೆಂದು ಬೈಯುವದು ಸುಲಭ. ಆದರೆ ಮೇಜಿನ ಮೇಲಿನ ಹಳಿಗೂ ನೆಲದ ಮೇಲಿನ ಹಳಿಗೂ ಇರುವ ದೊಡ್ಡ ಅಂತರವು ಅಳತೆಯದಲ್ಲ. ಮೇಜಿನ ಮೇಲೆ ಹಳಿಯನ್ನು ಬೇಕಾದತ್ತ ಎತ್ತಿಡಬಹುದು. ನೆಲದ ಮೇಲೆ ಅದು ಯಾರದೋ ಎರೆಹೊಲವನ್ನು ಸೀಳಿಕೊಂಡೇ ಹೋಗಬೇಕು. ರೈಲು ಬೇಡವೆನ್ನುವ ರೈತನಿಲ್ಲ. ‘ನನ್ನ ಹೊಲದಲ್ಲಿಯೇ ಏಕೆ?’ ಎಂದು ಕೇಳುವ ರೈತನಿದ್ದಾನೆ. ಆ ಪ್ರಶ್ನೆಯೂ ಹುಡುಗನ ಪ್ರಶ್ನೆಯಷ್ಟೇ ನ್ಯಾಯವಾದದ್ದು. ಎರಡಕ್ಕೂ ಉತ್ತರ ಕೊಟ್ಟಾಗಲೇ ಗಾಡಿ ಬರುವದು.

ದಸರೆ ಮುಗಿದು ದೀಪಾವಳಿ ಬಂದಿತು. ಬೆಳಗಾವಿಯ ಓಣಿಗಳಲ್ಲಿ ದೀಪಾವಳಿಗೆ ಮಕ್ಕಳು ಮಣ್ಣಿನ ಕಿಲ್ಲೆ ಕಟ್ಟುವ ರೂಢಿಯುಂಟು. ಅದನ್ನು ಕಂಡು ಬಂದಿದ್ದ ಕಿತ್ತೂರಿನ ಹುಡುಗನೂ ಈ ಸಲ ಅಂಗಳದಲ್ಲಿ ತನ್ನೂರಿನ ಕೋಟೆಯನ್ನೇ ಕಟ್ಟಿದ. ಕೋಟೆಯ ಮುಂದೆ ಕಡ್ಡಿಪೆಟ್ಟಿಗೆಯ ನಿಲ್ದಾಣ. ಅಲ್ಲಿಂದ ಬಾಗಿಲತನಕ ಜೋಳದ ದಂಟಿನ ಸಿಬಿರುಗಳ ಹಳಿ. ನಡುವೆ ಅಡ್ಡ ಬಂದದ್ದು ಅಜ್ಜಿಯ ಸೇವಂತಿಗೆಯ ಮಡಿ. ಸುತ್ತಿ ಹೋಗೋಣವೆಂದರೆ ಒಂದು ಕಡೆಗೆ ಕಟ್ಟೆ, ಇನ್ನೊಂದು ಕಡೆಗೆ ಗಟಾರು.

ಅಜ್ಜಿ ಬಹಳ ಹೊತ್ತು ಮಡಿಯನ್ನೂ ಮೊಮ್ಮಗನನ್ನೂ ನೋಡಿದಳು.

“ಒಂದು ಗೇಣು ತಗೋ, ತಮ್ಮಾ. ಆದ್ರ ಕಿತ್ತ ಸಸಿ ಒಗೀಬ್ಯಾಡ. ಅವನ್ನ ಆ ಕಡೆ ನೀನ ಹಚ್ಚಿಕೊಡಬೇಕು. ಮದಲ ಸಸಿ, ಆಮ್ಯಾಲೆ ನಿನ್ನ ಗಾಡಿ.”

ಹುಡುಗ ಮೊದಲು ಸಸಿಗಳನ್ನು ನೆಟ್ಟು ನೀರು ಹಾಕಿದ. ಹಳಿ ಬಾಗಿಲಿಗೆ ಮುಟ್ಟುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು.