ಸ್ವರಕ್ಕೆ ಸಿಕ್ಕ ಮುಂಬಡ್ತಿ



ಸರಕಾರಿ ಕಛೇರಿಯಲ್ಲಿ ಇಪ್ಪತ್ತು ವರ್ಷ ಒಂದೇ ಕುರ್ಚಿಯಲ್ಲಿ ಕುಳಿತವನಿಗೆ, ಇನ್ನು ಮುಂಬಡ್ತಿಯ ಆಸೆ ಬಿಡೆಂದು ಹಿತೈಷಿಗಳು ಬುದ್ಧಿ ಹೇಳುವುದುಂಟು. ಅಂಥವರು ಡಾ. ರಾಜ್‌ಕುಮಾರರ ಸೇವಾಪುಸ್ತಕವನ್ನು ಒಮ್ಮೆ ತಿರುವಿಹಾಕಬೇಕು.

1929ರಲ್ಲಿ ಗಾಜನೂರಿನಲ್ಲಿ ಹುಟ್ಟಿದ ಮುತ್ತುರಾಜರು, ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರೊಡನೆ ಬಾಲ್ಯದಲ್ಲಿಯೇ ಗುಬ್ಬಿ ಕಂಪನಿಯನ್ನು ಸೇರಿದರು. ಶಾಲೆಯ ಓದು ಪ್ರಾಥಮಿಕ ತರಗತಿಗೇ ನಿಂತಿತು. ಆದರೆ ಕಂಪನಿ ನಾಟಕದಲ್ಲಿ ಹಾಡಲಾರದವನು ನಟನೇ ಅಲ್ಲ. ಕೊನೆಯ ಸಾಲಿನವನಿಗೂ ಅಕ್ಷರ ಅಕ್ಷರವೂ ಕೇಳಿಸಬೇಕು. ಇಂಥ ಗರಡಿಯಲ್ಲಿ ಪಳಗಿದವರು 1954ರಲ್ಲಿ ‘ಬೇಡರ ಕಣ್ಣಪ್ಪ’ನಾಗಿ ತೆರೆಗೆ ಬಂದಾಗ, ಹಾಡಿದ ಕಂಠ ಸಿ. ಎಸ್. ಜಯರಾಮನ್ನರದು! ಮುಂದೆ ಆ ಸ್ಥಾನ ಪಿ. ಬಿ. ಶ್ರೀನಿವಾಸರದಾಯಿತು. ನಡುವೆ ‘ಓಹಿಲೇಶ್ವರ’ದಂಥ ಚಿತ್ರದಲ್ಲಿ ರಾಜ್ ತಾವೇ ಹಾಡಿದ್ದುಂಟಾದರೂ ಅದು ಅಪವಾದ.

ಚಿತ್ರರಂಗಕ್ಕೆ ಬಂದು ಇಪ್ಪತ್ತು ವರ್ಷವಾದ ಮೇಲೆ, 1974ರ ‘ಸಂಪತ್ತಿಗೆ ಸವಾಲ್’ನಲ್ಲಿ, ಎಮ್ಮೆಯೇರಿ ಬರುವ ನಾಯಕನ ಹಾಡನ್ನು ಜಿ. ಕೆ. ವೆಂಕಟೇಶರು ರಾಜ್ ಅವರಿಂದಲೇ ಹಾಡಿಸಿದರು. ಆಗ ಅವರಿಗೆ ನಲವತ್ತೈದು. ಅಲ್ಲಿಂದ ಅವರ ಹಾಡು ಅವರದೇ ಆಯಿತು. 1992ರ ‘ಜೀವನ ಚೈತ್ರ’ದ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಬಂತು. 2000ದ ‘ಶಬ್ದವೇಧಿ’ ಅವರ ಕಡೆಯ ಚಿತ್ರ. 2006ರಲ್ಲಿ ತೀರಿಕೊಂಡಾಗ ನೇತ್ರಗಳನ್ನೂ ದಾನವಿತ್ತರು.

ಮೊದಲಿನ ಕಂಠದ ಗತಿಯೇನೆಂದು ಕೇಳುವಿರಾ? 1977ರ ‘ಬಭ್ರುವಾಹನ’ದಲ್ಲಿ ಅರ್ಜುನನೂ ರಾಜ್, ಮಗನೂ ರಾಜ್. ತಂದೆ ಮಕ್ಕಳು ಕೆಣಕಿ ಹಾಡುವಲ್ಲಿ ಮಾತ್ರ ರಾಜ್ ಮತ್ತು ಶ್ರೀನಿವಾಸ್ ಇಬ್ಬರೂ ಹಾಡಿದ್ದಾರೆ. ಕೇಳಿ ನೋಡಿ, ಉಚ್ಚಾರದಲ್ಲಿ ಯಾರು ಮೇಲೆಂದು ಹೇಳುವುದು ಕಷ್ಟ.

ನಮಗೆ ಬೇಕಾದ ಮಾತು ಇಲ್ಲಿಯೇ ಇದೆ. ಒಬ್ಬರಿಗೆ ಶಾಲೆಯಿಲ್ಲ, ಇನ್ನೊಬ್ಬರು ಕಾಕಿನಾಡದಲ್ಲಿ ಹುಟ್ಟಿದ ತೆಲುಗರು. ಕನ್ನಡ ಇಬ್ಬರಿಗೂ ಒಲಿದದ್ದು ನಾಲಗೆಯ ದುಡಿಮೆಯಿಂದ. “ವಾಶಿಯಲ್ಲಿ ಹುಟ್ಟಿದ ಕೂಸಿಗೆ ಕನ್ನಡ ಎಲ್ಲಿಂದ ಬರಬೇಕು?” ಎಂದು ನಿಟ್ಟುಸಿರಿಡುವ ತಾಯ್ತಂದೆಗಳು ಇದನ್ನು ಗಮನಿಸಬೇಕು. ನಮ್ಮ ಮಕ್ಕಳಿಗೆ ಮರಾಠಿಯ ದಯೆಯಿಂದ ಳಕಾರ ಚೆನ್ನಾಗಿಯೇ ಬರುತ್ತದೆ. ಆದರೆ ಹ್ರಸ್ವ ಎಕಾರ, ಒಕಾರಗಳು ಆ ಭಾಷೆಯಲ್ಲಿ ಬೇರೆಯಾಗಿ ಇಲ್ಲವಾದ್ದರಿಂದ ‘ಬೆಳೆ’ ಬೇಳೆಯಾಗುತ್ತದೆ, ‘ಕೊಡು’ ಕೋಡಾಗುತ್ತದೆ. ಅದನ್ನು ತಿದ್ದಲು ಮಾಸ್ತರರು ಬೇಡ. ಭಾನುವಾರ ಈ ಇಬ್ಬರ ಒಂದೊಂದು ಹಾಡನ್ನು ಹಾಕಿ, ಮಕ್ಕಳೊಡನೆ ನೀವೂ ಗಟ್ಟಿಯಾಗಿ ಹಾಡಿ. ಶ್ರುತಿ ತಪ್ಪಿದರೆ ನೆರೆಮನೆಯವರು ಕ್ಷಮಿಸಿಯಾರು. ಭಾಷೆ ತಪ್ಪಿಹೋದರೆ ಮೊಮ್ಮಕ್ಕಳು ಅಜ್ಜಿಯೊಡನೆ ಮಾತಾಡುವುದು ಹೇಗೆ?