ಇರುಳ ದಾರಿಯೂ ಒಡನಾಡಿಯ ಧರ್ಮವೂ

ಕಳೆದ ಚಳಿಗಾಲದ ಒಂದು ಶನಿವಾರ ಸಾಯಂಕಾಲ ಆರು ಗಂಟೆಗೆ ಬೀದರದ ಚೌಬಾರಾದಿಂದ ಏಳು ಮಂದಿ ಬೈಸಿಕಲ್ಲು ಏರಿ ಹೊರಟೆವು. ಭಾಲ್ಕಿಗೆ ಹೋಗಿ ಮರಳುವದು, ಅನಂತರ ಔರಾದಿಗೆ ಹೋಗಿ ಮರಳುವದು, ರವಿವಾರದ ಸೂರ್ಯೋದಯಕ್ಕೆ ಮತ್ತೆ ಚೌಬಾರಾವನ್ನು ಮುಟ್ಟುವದು, ಇದು ಸಂಕಲ್ಪ. ಬೀದರದಿಂದ ಭಾಲ್ಕಿ ಸುಮಾರು 40 ಕಿಲೋಮೀಟರು. ಔರಾದವೂ ಹೆಚ್ಚು ಕಡಿಮೆ ಅಷ್ಟೇ. ಎಲ್ಲ ಕೂಡಿ 160 ಕಿಲೋಮೀಟರಿನ ಈ ಯಾತ್ರೆಗೆ ಯಾವ ಸಂಸ್ಥೆಯ ಮುದ್ರೆಯೂ ಇರಲಿಲ್ಲ, ಬಹುಮಾನವೂ ಇರಲಿಲ್ಲ. ಐವತ್ತು ದಾಟಿದ ಪತ್ರಿಕಾಕರ್ತನಿಗೆ ಈ ಸಾಹಸವೇಕೆಂದು ಮನೆಯಲ್ಲಿಯೂ ಕಚೇರಿಯಲ್ಲಿಯೂ ಕೇಳಿದವರುಂಟು. ಅವರಿಗೆ ಆಗ ಉತ್ತರ ಕೊಡಲಿಲ್ಲ. ಆ ರಾತ್ರಿ ಕಂಡದ್ದನ್ನೂ ಕಲಿತದ್ದನ್ನೂ ವಾಚಕರ ಮುಂದಿಡುವದು ಕರ್ತವ್ಯವೆಂದು ತೋರಿದ್ದರಿಂದ ಈಗ ಬರೆಯುತ್ತಿದ್ದೇವೆ.

ಇಂಥ ಯಾತ್ರೆಗಳ ಹುಟ್ಟು ಪತ್ರಿಕಾವ್ಯವಸಾಯದೊಡನೆಯೇ ಹೆಣೆದುಕೊಂಡಿರುವದು. 1891ರಲ್ಲಿ ಪ್ಯಾರಿಸ್ ನಗರದ 'ಲ ಪೆತಿ ಜುರ್ನಾಲ್' ಎಂಬ ದಿನಪತ್ರಿಕೆಯ ಪಿಯೆರ್ ಜಿಫಾರನು, ಅಲ್ಲಿಂದ ಸಮುದ್ರತೀರದ ಬ್ರೆಸ್ತ್ ಎಂಬ ಊರಿಗೆ ಹೋಗಿ ಮರಳುವ ಸುಮಾರು 1,200 ಕಿಲೋಮೀಟರುಗಳ ಪಂದ್ಯವನ್ನು ಏರ್ಪಡಿಸಿದನು. ಶಾರ್ಲ್ ತೆರೋಂ ಎಂಬ ಸವಾರನು ಹಗಲಿರುಳು ತುಳಿದು 72 ಗಂಟೆಗಳೊಳಗೆ ಮರಳಿದನು. 1897ರಲ್ಲಿ ಇಟಲಿಯ ಕೆಲವರು ರೋಮಿನಿಂದ ನೇಪಲ್ಸಿಗೆ ಒಂದೇ ಹಗಲಿನಲ್ಲಿ ಕೂಡಿಯೇ ಹೋದರು. 'ಧೀರ' ಎಂಬರ್ಥದ ಲ್ಯಾಟಿನ್ ಪದದಿಂದ ಅವರಿಗೆ 'ಅಡಾಕ್ಸ್' ಎಂಬ ಹೆಸರಾಯಿತು. 1904ರಲ್ಲಿ ಆ ಪದ್ಧತಿಯನ್ನು ಫ್ರಾನ್ಸಿಗೆ ತಂದ ಆಂರಿ ದೆಗ್ರಾಂಜನೂ ಪತ್ರಿಕಾಸಂಪಾದಕನೇ. ಅದರಲ್ಲಿ ಒಬ್ಬ ಮುಂದಾಳಿನ ವೇಗಕ್ಕೆ ಎಲ್ಲರೂ ಕಟ್ಟುಬಿದ್ದು ಗುಂಪಾಗಿ ಸಾಗಬೇಕು. 1921ರಲ್ಲಿ ಎರಡನೆಯ ಪದ್ಧತಿಯು ಹುಟ್ಟಿತು. ಇದರಲ್ಲಿ ಅವರವರ ವೇಗ ಅವರವರಿಗೆ. ಗೊತ್ತಾದ ವೇಳೆಯೊಳಗೆ ಮುಟ್ಟಿದರಾಯಿತು.

ಇಂದು ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ 'ಬ್ರೆವೆ' ಎಂಬ ಹೆಸರಿನಿಂದ ನಡೆಯುವ ಯಾತ್ರೆಗಳು ಈ ಎರಡನೆಯ ಬಗೆಯವು. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ. ಮೊದಲನೆಯವನು, ಕಡೆಯವನು ಎಂಬ ಸ್ಥಾನಮಾನವಿಲ್ಲ. ಇರುಳಿನಲ್ಲಿ ಮುಂದೆ ಬಿಳಿಯ ದೀಪ, ಹಿಂದೆ ಕೆಂಪು ದೀಪ, ಮೈಮೇಲೆ ಬೆಳಕಿಗೆ ಹೊಳೆಯುವ ಅಂಗಿ ಇರಲೇಬೇಕು. ಸಹಾಯದ ಮೋಟಾರು ಬೆನ್ನ ಹಿಂದೆ ಬರಕೂಡದು. ಗೊತ್ತುಮಾಡಿದ ಠಾಣ್ಯಗಳಲ್ಲಿ ಹೊರತು ನಡುದಾರಿಯಲ್ಲಿ ಹೊರಗಿನವರ ನೆರವು ಪಡೆಯಕೂಡದು. ಆದರೆ ಸವಾರರು ತಮ್ಮೊಳಗೆ ಒಬ್ಬರಿಗೊಬ್ಬರು ನೆರವಾಗಲು ಯಾವ ಅಡ್ಡಿಯೂ ಇಲ್ಲ. ನಮ್ಮ ಏಳು ಮಂದಿಯೂ ಈ ಕಟ್ಟಳೆಯನ್ನೇ ಒಪ್ಪಿ ಹೊರಟಿದ್ದೆವು. ಒಪ್ಪುವದು ಸುಲಭ, ಪಾಲಿಸುವದು ಎಂಥದೆಂಬದು ಅನಂತರ ತಿಳಿಯಿತು.

ಬೀದರದ ಜಂಬಿಟ್ಟಿಗೆಯ ದಿನ್ನೆಯನ್ನಿಳಿದು ಎರೆಹೊಲಗಳ ನಡುವೆ ಸಾಗುವಾಗ ಕತ್ತಲೆಯು ಕವಿಯಿತು. ಇಕ್ಕೆಲಗಳಲ್ಲಿ ತೊಗರಿ, ಕಬ್ಬು. ಮುಖಕ್ಕೆ ತಣ್ಣನೆಯ ಗಾಳಿ. ಭಾಲ್ಕಿಯನ್ನು ಮುಟ್ಟಿ ಚಹಾ ಕುಡಿಯುತ್ತಿರುವಾಗ ಸಹಜವಾಗಿಯೇ ಅಲ್ಲಿಯ ಹಿರೇಮಠದ ಡಾಕ್ಟರ್ ಚನ್ನಬಸವ ಪಟ್ಟದ್ದೇವರ ಮಾತು ಬಂದಿತು. ನಿಜಾಮನ ಆಳಿಕೆಯ ಕಾಲದಲ್ಲಿ ಹೊರಗೆ ಉರ್ದು ಶಾಲೆಯ ಹಲಗೆಯನ್ನು ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಮಹನೀಯರವರು. ದೂರದ ಸರಕಾರದ ನೆರವನ್ನು ಕಾಯ್ದಿದ್ದರೆ ಈ ಗಡಿಯಲ್ಲಿ ಕನ್ನಡವೇ ಉಳಿಯುತ್ತಿತ್ತೋ ಇಲ್ಲವೋ. ಕೈಯಲ್ಲಿದ್ದುದನ್ನು ಕೂಡಿಸಿ, ಪಕ್ಕದವರನ್ನು ಎಬ್ಬಿಸಿ, ತಾವೇ ನಡೆದರು. ನಮ್ಮೊಳಗಿನ ಒಬ್ಬ ಶಾಲಾಮಾಸ್ತರರು, "ಅವರದೂ ಒಂದು ಇರುಳ ಯಾತ್ರೆಯೇ ಅಲ್ಲವೇ?" ಎಂದರು. ಎಲ್ಲರೂ ತಲೆದೂಗಿದೆವು.

ಇನ್ನು ನಮ್ಮ ತಪ್ಪನ್ನು ಹೇಳಬೇಕು. ಭಾಲ್ಕಿಯಿಂದ ಮರಳುವಾಗ ಅದೇ ಮಾಸ್ತರರ ಸರಪಳಿಯು ಎರಡು ಸಲ ಕಳಚಿತು. ಹನ್ನೊಂದು ಗಂಟೆಯೊಳಗೆ ಬೀದರವನ್ನು ಮುಟ್ಟಬೇಕೆಂಬ ಹಟ ನಮಗೆ ಹಿಡಿದಿತ್ತು. ಮೊದಲನೆಯ ಸಲ ನಿಂತೆವು. ಎರಡನೆಯ ಸಲ, "ನೀವು ನಿಧಾನವಾಗಿ ಬನ್ನಿರಿ" ಎಂದು ಹೇಳಿ ಮುಂದೆ ಹೊರಟುಬಿಟ್ಟೆವು. ಉಳಿದ ಐವರು ಅದಾಗಲೇ ಮುಂದಿದ್ದರು. ಹೀಗೆ ಈ ಲೇಖಕನು ಒಬ್ಬಂಟಿಯಾದನು. ಸ್ವಂತ ವೇಗದ ಮೇಲೆ ಅಭಿಮಾನಪಡುತ್ತ ಒಂದು ತಿರುವನ್ನು ದಾಟಿದ್ದೇ ತಡ, ಎದುರಿಗೆ ಗೋಡೆಯಂತೆ ಕಬ್ಬಿನ ಟ್ರೇಲರು! ಗಾಲಿ ಮುರಿದು ನಡುರಸ್ತೆಯಲ್ಲಿ ನಿಂತಿತ್ತು. ದೀಪವಿಲ್ಲ, ಕೆಂಪು ಗುರುತಿಲ್ಲ; ಹಿಂದೆ ನಾಲ್ಕು ಕಲ್ಲುಗಳನ್ನು ಇಟ್ಟಿದ್ದರು, ಅಷ್ಟೇ. ಬಿರಿ ಒತ್ತಿ ಪಕ್ಕಕ್ಕೆ ಹೊರಳಿದ್ದರಿಂದ ಜೀವ ಉಳಿಯಿತು; ಮೊಣಕಾಲು ತರಚಿ ರಕ್ತ ಬಂದಿತು.

ಹತ್ತು ಮಿನಿಟುಗಳಲ್ಲಿ ಹಿಂದಿನಿಂದ ಒಂದು ದೀಪವು ಬಂದಿತು. ಬಿಟ್ಟು ಬಂದಿದ್ದ ಮಾಸ್ತರರೇ! ಅವರು ಬಿಟ್ಟುಹೋದ ಮಾತನ್ನು ಎತ್ತಲಿಲ್ಲ. ಗಾಯವನ್ನು ತೊಳೆದು ಕಟ್ಟಿದರು. ಅನಂತರ ತಮ್ಮ ಸೈಕಲಿನ ಹಿಂದಿನ ಕೆಂಪು ದೀಪವನ್ನು ಬಿಚ್ಚಿ ಆ ಟ್ರೇಲರಿನ ಹಿಂಭಾಗದ ಕಬ್ಬಿನ ಜಲ್ಲೆಗೆ ಬಿಗಿದರು. ಡ್ರೈವರನು ಇಪ್ಪತ್ತು ವರುಷದ ಹುಡುಗ, ಕಂಬಳಿ ಹೊದ್ದು ಇಂಜಿನಿನ ಪಕ್ಕದಲ್ಲಿ ಕುಳಿತಿದ್ದನು. ದೀಪವೇಕಿಲ್ಲವೆಂದು ಕೇಳಿದರೆ, "ಮಾಲಕರು ಕೊಟ್ಟರೆ ಹಚ್ಚುತ್ತೇವೆ, ಸಾಹೇಬರೇ" ಎಂದನು. ಅವನ ಮೇಲೆ ಸಿಟ್ಟುಮಾಡಿ ಪ್ರಯೋಜನವಿಲ್ಲವೆಂದು ಕಂಡಿತು. ದೀಪವಿಲ್ಲದ ಮಾಸ್ತರರನ್ನು ಮುಂದಿಟ್ಟುಕೊಂಡು, ಅವರ ಹಿಂದೆ ನಮ್ಮ ದೀಪವನ್ನು ಹಿಡಿದು, ಅವರ ವೇಗದಲ್ಲಿಯೇ ಬೀದರವನ್ನು ಮುಟ್ಟಿದೆವು. ಉಳಿದವರು ಕಾಯುತ್ತ ಕುಳಿತಿದ್ದರು. ಒಬ್ಬನ ಬಳಿ ಹೆಚ್ಚಿನ ದೀಪವೊಂದಿತ್ತು. ಅಲ್ಲಿಂದ ಮುಂದೆ ಮಾಂಜ್ರಾ ಹೊಳೆಯ ಮಂಜಿನಲ್ಲಿ, ಸಂತಪೂರದ ದಾರಿಯಲ್ಲಿ, ಔರಾದದ ನಿದ್ದೆಯ ಬೀದಿಗಳಲ್ಲಿ ಏಳು ದೀಪಗಳೂ ಒಟ್ಟಿಗೇ ಇದ್ದವು. ಜಾಲಿಮುಳ್ಳು ಚುಚ್ಚಿ ಒಬ್ಬನ ಗಾಲಿಯ ಗಾಳಿ ಹೋದಾಗ ಆರು ಮಂದಿಯೂ ಇಳಿದು ನಿಂತೆವು. ಸೂರ್ಯೋದಯವಾಗಿ ಒಂದು ಗಂಟೆಯ ಮೇಲೆ ಚೌಬಾರಾವನ್ನು ಕಂಡೆವು. ಸಂಕಲ್ಪದ ವೇಳೆಯು ತಪ್ಪಿತ್ತು. ಅದಕ್ಕಾಗಿ ಯಾರೂ ಮರುಗಲಿಲ್ಲ.

ಮುಂದಾಳಿನ ಆಜ್ಞೆಯಿಂದ ಗುಂಪಾಗಿ ಹೋಗುವಲ್ಲಿ ಒಡನಾಡಿಯನ್ನು ಬಿಡುವ ಪ್ರಶ್ನೆಯೇ ಏಳುವದಿಲ್ಲ. ಅವರವರ ವೇಗವು ಅವರವರಿಗೆ ಬಿಟ್ಟಾಗಲೇ ಮನುಷ್ಯನ ಪರೀಕ್ಷೆ. ನಿಲ್ಲೆಂದು ಯಾರೂ ಹೇಳದಿದ್ದಾಗ ನಿಲ್ಲುವವನು ಸಹಪ್ರಯಾಣಿಕನು. ಆ ಪರೀಕ್ಷೆಯಲ್ಲಿ ನಾವು ಸೋತೆವೆಂದು ಈ ಅಂಕಣದಲ್ಲಿಯೇ ಒಪ್ಪಿಕೊಳ್ಳುತ್ತೇವೆ.

ಇನ್ನು ಟ್ರೇಲರಿನ ಸಂಗತಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಮೇರೆಗೆ ಟ್ರೇಲರಿನ ಹಿಂಭಾಗದ ಎರಡೂ ಬದಿಗೆ ಕೆಂಪು ಪ್ರತಿಫಲಕಗಳು ಇರತಕ್ಕದ್ದು. ನಿಯಮವು ಪುಸ್ತಕದಲ್ಲಿರುವದು, ಕಬ್ಬು ರಸ್ತೆಯಲ್ಲಿರುವದು. ನಮ್ಮ ಜಿಲ್ಲೆಯವರಿಗೆ ಪ್ರತಿಯೊಂದಕ್ಕೂ ಬೆಂಗಳೂರಿನತ್ತ ಅರ್ಜಿ ಬರೆಯುವ ರೂಢಿ ಬಿದ್ದಿದೆ. ಸಂವಿಧಾನದ 371(ಜೆ) ವಿಧಿಯು ಬಂದದ್ದು ನ್ಯಾಯವೇ. ಅದರ ಹಣವನ್ನು ಕೇಳುವದೂ ನ್ಯಾಯವೇ. ಆದರೆ ಒಂದು ಕೆಂಪು ಪಟ್ಟಿಗೆ ಯಾವ ವಿಧಿಯೂ ಬೇಕಾಗಿಲ್ಲ. ಪ್ರತಿಫಲಕವಿಲ್ಲದ ಟ್ರೇಲರನ್ನು ತೂಕದ ಕಾಟಾಕ್ಕೆ ಹತ್ತಗೊಡುವದಿಲ್ಲವೆಂದು ಸಕ್ಕರೆ ಕಾರಖಾನೆಗಳವರು ಹಂಗಾಮಿನ ಮೊದಲನೆಯ ದಿನವೇ ಸಾರಿದರೆ, ಒಂದು ವಾರದಲ್ಲಿ ಜಿಲ್ಲೆಯ ಒಂದೊಂದು ಟ್ರೇಲರಿನ ಹಿಂದೆಯೂ ಕೆಂಪು ಮಿನುಗುವದು. ಮೋಟಾರಿನವರೂ ಪೋಲೀಸರೂ ಕೈಗೂಡಿಸಬೇಕು, ನಿಜ. ಆದರೆ ಕಾರಖಾನೆಯ ಬಾಗಿಲಿನಷ್ಟು ಸುಲಭವಾದ ಸ್ಥಳವು ಬೇರೊಂದಿಲ್ಲ.

ಇಲ್ಲಿ ಒಂದು ಆಕ್ಷೇಪವು ಬರಬಹುದು. ಇದು ಹೊಟ್ಟೆ ತುಂಬಿದವರ ವಿಲಾಸ. ಬೆಲೆಬಾಳುವ ಸೈಕಲ್ಲುಗಳವರ ಸುಖಕ್ಕಾಗಿ ರಸ್ತೆಯ ಮಾತೇಕೆ? ಎಂದು. ಆಕ್ಷೇಪವನ್ನು ತಳ್ಳಿಹಾಕುವದಿಲ್ಲ. ಆದರೆ ಆ ರಾತ್ರಿ ರಸ್ತೆಯ ಮೇಲೆ ನಾವಷ್ಟೇ ಇರಲಿಲ್ಲ. ಹೊಲಕ್ಕೆ ನೀರು ಹಾಯಿಸಲು ವಿದ್ಯುಚ್ಛಕ್ತಿಯ ವೇಳೆಯನ್ನು ಕಾಯ್ದು ಹೊರಟ ರೈತರನ್ನು ಕಂಡೆವು. ನಸುಕಿನಲ್ಲಿ ಹಾಲಿನ ಕೊಡಗಳನ್ನು ತೂಗುಹಾಕಿದ ಸೈಕಲ್ಲುಗಳನ್ನು ಕಂಡೆವು. ಅವುಗಳಿಗೆ ದೀಪವೇ ಇರಲಿಲ್ಲ. 2006-07ರಿಂದ ಕೆಲವು ವರುಷ ಸರಕಾರವು 8ನೆಯ ತರಗತಿಯ ಮಕ್ಕಳಿಗೆ ಕೊಟ್ಟ ಸೈಕಲ್ಲುಗಳ ಪೈಕಿ ಕೆಲವು ಇಂದಿಗೂ ತಂದೆತಾಯಿಗಳ ಹೊಲದ ದಾರಿಯನ್ನು ತುಳಿಯುತ್ತಿವೆ. ಕತ್ತಲೆಯ ಟ್ರೇಲರಿಗೆ ಮೊದಲು ಬಲಿಯಾಗುವವರು ಇವರು. ನಮ್ಮಂಥವರು ವರುಷಕ್ಕೊಂದು ರಾತ್ರಿ ಅನುಭವಿಸುವ ಭಯವು ಇವರಿಗೆ ನಿತ್ಯದ್ದು. ಅದನ್ನು ನಮಗೆ ತಿಳಿಸಿಕೊಟ್ಟದ್ದೇ ಈ ಯಾತ್ರೆಯ ದೊಡ್ಡ ಲಾಭ.

ಆದುದರಿಂದ ಬೀದರ, ಭಾಲ್ಕಿ, ಔರಾದಗಳ ತರುಣರಲ್ಲಿ ನಮ್ಮ ವಿನಂತಿ ಇಷ್ಟು. ಬರುವ ಚಳಿಗಾಲದಲ್ಲಿ ಈ ಮೂರೂ ಊರುಗಳನ್ನು ಕೂಡಿಸುವ ಇರುಳ ಯಾತ್ರೆಯೊಂದನ್ನು ನೀವೇ ಏರ್ಪಡಿಸಿರಿ. ವಿಜಯಪುರ, ಬಾಗಲಕೋಟೆಗಳ ರೈತರ ಮಕ್ಕಳು ಸೈಕಲಿನಲ್ಲಿ ನಾಡಿಗೆ ಪದಕಗಳನ್ನು ತಂದಿರುವರು. ನಿಮ್ಮ ಕಾಲುಗಳೇನು ಕಡಿಮೆಯೇ? ಕನ್ನಡ, ಮರಾಠಿ, ಉರ್ದು, ತೆಲುಗು, ಯಾವ ಮಾತಿನವರನ್ನೂ ಸೇರಿಸಿಕೊಳ್ಳಿರಿ. ನಮ್ಮ ಏಳು ಮಂದಿಯಲ್ಲಿ ಒಬ್ಬ ಹೆಣ್ಣುಮಗಳೂ ಇರಲಿಲ್ಲ. ಆ ಕೊರತೆಯನ್ನು ನೀವು ನೀಗಿಸಿರಿ. ಹೊರಡುವ ಮೊದಲು ಒಬ್ಬೊಬ್ಬರ ಚೀಲದಲ್ಲಿಯೂ ಕೆಂಪು ಪ್ರತಿಫಲಕದ ಒಂದು ಸುರುಳಿಯು ಇರಲಿ. ದಾರಿಯಲ್ಲಿ ಕಂಡ ಟ್ರೇಲರುಗಳಿಗೂ ಹಾಲಿನವರ ಸೈಕಲ್ಲುಗಳಿಗೂ ಅಂಟಿಸುತ್ತ ಹೋಗಿರಿ. ಈ ಪತ್ರಿಕೆಯು ಅದರ ವೆಚ್ಚದಲ್ಲಿ ತನ್ನ ಪಾಲನ್ನು ಸಂತೋಷದಿಂದ ಹೊರುವದು. ಮಾಸ್ತರರಿಗೆ ಹೊಸ ದೀಪವೊಂದನ್ನು ಕೊಡಿಸುವ ಸಾಲವೂ ನಮ್ಮ ಮೇಲಿರುವದು. ಅದನ್ನು ಈ ವಾರವೇ ತೀರಿಸುವೆವು.