ಕಾವಲಿಲ್ಲದ ಕಡಲು ಮತ್ತು ಮಾಲೀಕರ ಹೊಣೆ

ತುಂಗಭದ್ರೆಯ ಮಗ್ಗುಲಿನ ಮುಕ್ಕುಂದದಂತಹ ಊರಿನಲ್ಲಿ ಬೆಳೆದವನಿಗೆ ನೀರೆಂದರೆ ಅಂಜಿಕೆಯಿಲ್ಲ. ಸಿಂಧನೂರು ಭಾಗದ ಅಕ್ಕಿ ಗಿರಣಿ, ಅಂಗಡಿಗಳ ಮಾಲೀಕರು ನೌಕರರನ್ನು ಕೂಡಿಸಿಕೊಂಡು ಗೋಕರ್ಣ, ಮುರುಡೇಶ್ವರಗಳಿಗೆ ಹೊರಟಾಗ ಇಂತಹ ಈಜುಗಾರನ ಬಗ್ಗೆ ಯಾರೂ ಚಿಂತಿಸುವುದಿಲ್ಲ. ಚಿಂತಿಸಬೇಕಾದದ್ದು ಅವನ ಬಗ್ಗೆಯೇ.

ಹೊಳೆಯಲ್ಲಿ ಈಜುವವನು ಸೆಳವಿಗೆ ಎದುರಾಗದೆ ಅಡ್ಡಲಾಗಿ ದಾಟಿ ದಡ ಸೇರುತ್ತಾನೆ. ಕಡಲಿನಲ್ಲಿ ಆ ಜಾಣತನ ಮರೆತುಹೋಗುತ್ತದೆ. ಏಕೆಂದರೆ ಅಲ್ಲಿ ಸೆಳವು ದಡದಿಂದಲೇ ಹೊರಟು ಕಡಲಿನತ್ತ ಹರಿಯುತ್ತದೆ. ಅಲೆಗಳು ತಂದು ಸುರಿದ ನೀರು ಮರಳುದಿಣ್ಣೆಗಳ ನಡುವಣ ತಗ್ಗಿನಲ್ಲಿ, ಇಲ್ಲವೆ ಬಂಡೆಗಳ ಪಕ್ಕದಲ್ಲಿ, ಕಾಲುವೆಯಂತೆ ಹಿಂದಿರುಗುತ್ತದೆ. ಅಲ್ಲಿ ಅಲೆ ಒಡೆಯುವುದು ಕಡಿಮೆ. ನೀರು ಶಾಂತವಾಗಿ, ಕಪ್ಪಾಗಿ ತೋರುತ್ತದೆ. ಹೊಸಬರು ಇಳಿಯುವುದೂ ಅಲ್ಲಿಯೇ. ಸಿಕ್ಕಿಕೊಂಡವನು ಕಣ್ಣೆದುರಿನ ದಡದತ್ತ ನೇರವಾಗಿ ಈಜಿ ದಣಿಯುತ್ತಾನೆ. ದಡಕ್ಕೆ ಸಮಾನಾಂತರವಾಗಿ ಸರಿದು, ಸೆಳವಿನಿಂದ ಹೊರಬಿದ್ದ ಬಳಿಕವೇ ದಡದತ್ತ ತಿರುಗಬೇಕು. ಶಕ್ತಿ ಸಾಲದಿದ್ದರೆ ತೇಲುತ್ತ, ಕೈಯೆತ್ತಿ ಕೂಗಬೇಕು.

ಕೂಗಿದರೆ ಕೇಳುವವರೂ ಬೇಕಷ್ಟೆ. ಗೋಕರ್ಣದ ದಕ್ಷಿಣಕ್ಕೆ ಓಂ ಬೀಚ್, ಹಾಫ್ ಮೂನ್ ಬೀಚ್‌ಗಳನ್ನು ದಾಟಿದ ಮೇಲೆ ದೊರೆಯುವ ಪ್ಯಾರಡೈಸ್ ಬೀಚ್‌ಗೆ ಕಾಲುದಾರಿ ಅಥವಾ ದೋಣಿಯೇ ಗತಿ. ಬಂಡೆಗಳ ನಡುವೆ ತುಂಡುತುಂಡಾಗಿ ಹರಡಿದ ಮರಳು ನೋಡಲು ಚೆಂದ. ಆದರೆ ಅಲ್ಲಿ ನೀರು ಕುಡಿದವನ ಬಳಿಗೆ ಆಂಬುಲೆನ್ಸ್ ಬರಲಾರದು.

ಮಳೆಗಾಲ ಮುಗಿದರೆ ಕಡಲು ಸಾಧುವಾಗುತ್ತದೆಂಬ ನಂಬಿಕೆಯೂ ಸಲ್ಲದು. 2024ರ ಡಿಸೆಂಬರ್‌ನಲ್ಲಿ ಮುಳಬಾಗಿಲು ತಾಲ್ಲೂಕಿನಿಂದ ಶೈಕ್ಷಣಿಕ ಪ್ರವಾಸಕ್ಕೆ ಬಂದಿದ್ದ 4 ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ನೀರುಪಾಲಾದರು. ಅದು ನಿರ್ಜನ ತೀರವೂ ಆಗಿರಲಿಲ್ಲ. ಬಳಿಕ ಪ್ರವಾಸಿಗರಿಗೆ ತೀರವನ್ನು ಕೆಲಕಾಲ ಮುಚ್ಚಲಾಯಿತು. ಅದೂ ಪ್ರವಾಸದ ಋತುವಿನಲ್ಲಿಯೇ. ಕಳೆದುಹೋದ ಜೀವಗಳಿಗೆ ಬೆಲೆ ಕಟ್ಟಲಾಗದು. ಆದರೆ ಜೀವರಕ್ಷಕರ ಸಂಬಳವನ್ನು ವ್ಯರ್ಥ ಖರ್ಚೆಂದು ತಿಳಿಯುವ ತೀರದ ವ್ಯಾಪಾರಿ, ಹೀಗೆ ಬಾಗಿಲು ಹಾಕಿದ ದಿನಗಳನ್ನು ತನ್ನ ಖಾತೆಯಲ್ಲಿ ಎಲ್ಲಿ ಬರೆದುಕೊಳ್ಳುತ್ತಾನೆ? ವಸತಿಗೃಹ, ಉಪಾಹಾರ ಗೃಹ, ದೋಣಿಯವರು ಕೂಡಿ ಆ ವೆಚ್ಚದಲ್ಲಿ ಪಾಲು ಹೊರುವುದು ನ್ಯಾಯ. ಎಲ್ಲವನ್ನೂ ಸರ್ಕಾರದ ತಲೆಗೆ ಕಟ್ಟುವುದು ಸರಿಯಲ್ಲ.

ಪ್ರವಾಸ ಹೊರಡಿಸುವ ಮಾಲೀಕರ ಕೈಯಲ್ಲಿ ಇರುವುದು ತೀರದ ಆಯ್ಕೆ. 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ತೀರಗಳಲ್ಲಿ ಹೊನ್ನಾವರ ತಾಲ್ಲೂಕಿನ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ ಸೇರಿದ್ದವು. ಆ ಮಾನ್ಯತೆಯ ನಿಯಮಗಳಲ್ಲಿ ಜೀವರಕ್ಷಣೆಯ ವ್ಯವಸ್ಥೆಯೂ ಒಂದು. ಬಸ್ಸಿನ ಬಾಡಿಗೆಗೆ ಚೌಕಾಸಿ ಮಾಡುವವರು, ಹೋಗುವ ತೀರದಲ್ಲಿ ಜೀವರಕ್ಷಕರು ಎಷ್ಟು ಗಂಟೆಯವರೆಗೆ ಇರುತ್ತಾರೆಂದು ಒಂದು ದೂರವಾಣಿ ಕರೆ ಮಾಡಿ ವಿಚಾರಿಸಬಹುದು. ಇಲ್ಲವೆಂಬ ಉತ್ತರ ಬಂದರೆ, ಮೊಣಕಾಲು ಮುಳುಗುವಷ್ಟು ನೀರಿಗೂ ಯಾರನ್ನೂ ಇಳಿಸದಿರುವುದು ಮಾಲೀಕರ ಕೆಲಸ, ಬಸ್ಸಿನ ಚಾಲಕನದ್ದಲ್ಲ.